ಒಲೆಯ ಹಿಂದಿನ ಗೋಡೆ

ಕೈ ತೆಗೆದರೆ ಬೀಳುತ್ತದೆ, ತೆಗೆಯದಿದ್ದರೆ ಇಲ್ಲೇ ನಿಂತಿರಬೇಕು. ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ ಮೊಣಕಾಲೂರಿ, ಬಲ ಅಂಗೈಯನ್ನು ಒಂದು ಬಿಳಿ ಟೈಲ್ಸಿನ ಮೇಲೆ ಒತ್ತಿ ಹಿಡಿದು, ದಾಮೋದರ ಬಹಳ ಹೊತ್ತಿನಿಂದ ಇದನ್ನೇ ಯೋಚಿಸುತ್ತಿದ್ದ. ಸಿಮೆಂಟಿನ ನೀರು ಮೊಣಕೈಯವರೆಗೆ ಇಳಿದು ಅಲ್ಲಿಯೇ ಒಣಗಿ ಚರ್ಮವನ್ನು ಬಿಗಿಯುತ್ತಿತ್ತು. ಮೂಗಿನ ಮೇಲೆ ತುರಿಕೆ. ಎಡಗೈ ಖಾಲಿ ಇತ್ತೆಂದಲ್ಲ, ಅದು ಪಕ್ಕದ ಟೈಲ್ಸನ್ನು ಹಿಡಿದಿತ್ತು. ಒಂದು ಟೈಲ್ಸು ಗೋಡೆಯನ್ನು ನಂಬಿ ನಿಲ್ಲುತ್ತದೋ ತನ್ನ ಅಂಗೈಯನ್ನು ನಂಬಿ ನಿಂತಿದೆಯೋ ಎಂದು ತಿಳಿಯುವ ಉಪಾಯವೇ ಇಲ್ಲವಲ್ಲ, ಕೈ ತೆಗೆದು ನೋಡುವುದೊಂದನ್ನು ಬಿಟ್ಟು, ಎಂಬ ವಿಚಾರ ಹೊಳೆದು, ಅದು ತನಗೆ ತುಸು ಆಳವಾದ ವಿಚಾರವೆನಿಸಿ, ಶನಿವಾರ ಸಂಜೆ ನವಿ ಪೇಠೆಯ ಗೆಳೆಯರ ಕೂಟದಲ್ಲಿ ಇದನ್ನು ಹೇಗೆ ಹೇಳಬಹುದೆಂದು ವಾಕ್ಯ ಜೋಡಿಸತೊಡಗಿದ್ದ. ಅಷ್ಟರಲ್ಲಿ ಟೈಲ್ಸು ಅಂಗೈಯ ಕೆಳಗೆ ಮೆಲ್ಲಗೆ ಜಾರಿತು. ಪಡಸಾಲೆಯಲ್ಲಿ ಸೀಮೆಎಣ್ಣೆ ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದ ಹೆಂಡತಿ ದ್ವಾರಕಾ ಅಲ್ಲಿಂದಲೇ ಕೇಳಿದಳು, "ಚಾ ತರಲೇನ್ರಿ?" "ಕೈ ಖಾಲಿ ಇಲ್ಲ," ಎಂದ. ಆಕೆ ಕಪ್ಪು ಹಿಡಿದು ಬಂದು, ಗಂಡನನ್ನೂ ಗೋಡೆಯನ್ನೂ ನೋಡಿ, ಕಪ್ಪನ್ನು ಅವನ ತುಟಿಗೆ ಹಿಡಿದಳು. ಜ್ವರ ಬಂದ ಹುಡುಗನ ಹಾಗೆ ಅವನು ಕುಡಿದ. ಬಿಸಿಯಾಯಿತು. ಬಿಸಿ ಎನ್ನಲಿಕ್ಕೂ ಮನಸ್ಸಾಗಲಿಲ್ಲ.

ಇದೆಲ್ಲ ಗ್ಯಾಸು ಬಂದದ್ದರಿಂದ ಶುರುವಾಯಿತು. ಸೊಲ್ಲಾಪುರದ ವಿಜಾಪುರ ರಸ್ತೆಯ ಈ ಹೊಸ ಮನೆಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಏನೂ ಇರಲಿಲ್ಲ. ಅವ್ವ ನೆಲದ ಮೇಲೆಯೇ ಕೂತು ಅಡಿಗೆ ಮಾಡುತ್ತಿದ್ದಳು. ಗ್ಯಾಸಿನ ಒಲೆ ಬಂದು ದ್ವಾರಕಾ ನಿಂತು ಅಡಿಗೆ ಮಾಡತೊಡಗಿದ ಮೇಲೆ ಒಗ್ಗರಣೆಯೆಲ್ಲ ಹಿಂದಿನ ಸುಣ್ಣದ ಗೋಡೆಗೆ ಸಿಡಿಯತೊಡಗಿತು. ಒರೆಸಿದರೆ ಸುಣ್ಣ ಬರುತ್ತಿತ್ತು, ಅರಿಶಿಣ ಉಳಿಯುತ್ತಿತ್ತು. ಒಂದು ದಿನ ಆಕೆ, "ಅಲ್ಲೊಂದಿಷ್ಟು ಬಿಳೀ ಟಾಯಿಲ್ಸ ಕೂಡಿಸಿದ್ರ ಒಂದ ಅರಿಬಿಲೆ ಒರಸಬಹುದಿತ್ತು ನೋಡ್ರಿ," ಎಂದಿದ್ದಳು. ಅಷ್ಟೇ. ಅದೇ ವಾರ ರಸ್ತೆಯ ಚಹದ ಅಂಗಡಿಯಲ್ಲಿ ಭೀಮಶಾ ಸಿಕ್ಕ. ಈ ಮನೆಯನ್ನು ಕಟ್ಟಿದ ಗೌಂಡಿ ಅವನೇ. ಮೂಲ ಅಕ್ಕಲಕೋಟೆಯ ಕಡೆಯವನು. ಕಟ್ಟುವಾಗ ದಾಮೋದರ ದಿನಾ ಸಂಜೆ ಕಚೇರಿಯಿಂದ ನೇರ ಇಲ್ಲಿಗೆ ಬಂದು ಅವನ ಪಕ್ಕದಲ್ಲಿ ಇಟ್ಟಿಗೆಯ ಮೇಲೆ ಕೂತು ಚಹ ಕುಡಿಯುತ್ತಿದ್ದ. ಇಡೀ ಕಾಲನಿಯಲ್ಲಿ ಭೀಮಶಾನಿಗೆ 'ಬರ್ರಿ, ಕೂಡ್ರಿ' ಎಂದು ಬಹುವಚನ ಹಚ್ಚುತ್ತಿದ್ದವನು ತಾನೊಬ್ಬನೇ ಎಂಬುದು ದಾಮೋದರನಿಗೆ ಗೊತ್ತಿತ್ತು. ಹಾಗೆ ಹಚ್ಚುವಾಗಲೆಲ್ಲ ಸುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು ಅವನ ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು ಎಂಬುದೂ ಗೊತ್ತಿತ್ತು. ಟೈಲ್ಸಿನ ಮಾತು ಬಂದೊಡನೆ ಭೀಮಶಾ, "ಅರ್ಧಾ ದಿನದ ಕೆಲಸ ಐತ್ರಿ ಸಾಹೇಬ್ರ. ಐತವಾರ ಬಂದು ಕೂಡಿಸಿ ಹೋಗತೀನಿ," ಎಂದ. ದಾಮೋದರನ ಕಣ್ಣ ಮುಂದೆ ಅಡುಗೆಮನೆ ಬಂತು, ಕಟ್ಟೆಯ ಪಕ್ಕದ ದೇವರ ಗೂಡು ಬಂತು, ಮಡಿಯಲ್ಲಿ ಕೂತ ಅವ್ವ ಬಂದಳು. ಮನೆ ಕಟ್ಟುವಾಗ ಅದು ಬರೀ ನಾಲ್ಕು ಗೋಡೆ. ದೇವರು ಕೂತ ಮೇಲೆ ಅದು ಬೇರೆ. ಭೀಮಶಾನನ್ನು ಕಂಡು ಅವ್ವ ಒಂದು ಮಾತೂ ಆಡದೆ ಉಪವಾಸ ಮಲಗಿಬಿಟ್ಟರೆ? "ಇಲ್ರಿ ಭೀಮಶಾ," ಎಂದ ಬಾಯಿ ತಾನಾಗಿ, "ಇದೊಂದನ್ನ ನಾನ ಮಾಡಬೇಕಂತ ಮಾಡೀನಿ. ನನಗೊಂದು ಶೋಕ್ ಅದ." ಭೀಮಶಾ ಒಂದು ಗಳಿಗೆ ಅವನ ಬಿಳಿಯ ಬೆರಳುಗಳನ್ನು ನೋಡಿ, "ಮಾಡ್ರಲಾ, ಛಂದ ಆಗತೈತಿ," ಎಂದು ನಕ್ಕ.

ಆ ಶೋಕು ಕಚೇರಿಯಲ್ಲಿ ತತ್ವವಾಯಿತು. ತುರ್ತು ಪರಿಸ್ಥಿತಿಯ ಆ ವರ್ಷ ಎಲ್ಲ ಸರಕಾರಿ ಗೋಡೆಗಳ ಮೇಲೂ 'ಮಾತು ಕಡಿಮೆ, ಕೆಲಸ ಹೆಚ್ಚು' ಎಂಬ ಫಲಕ ತೂಗಿತ್ತು. ಪಕ್ಕದ ಮೇಜಿನ ಪಂಢರಿನಾಥ ಅದನ್ನು ತೋರಿಸಿ, "ಕಾಯ್ ದಾಮೋದರಪಂತ, ಇದನ್ನ ಓದಿ ಸಿಮೆಂಟ್ ಕಲಸಲಿಕ್ಕೆ ಹೊಂಟೀರೇನು?" ಎಂದಾಗ, ದುಡಿಯುವವನ ಮೈಯ ನೋವು ದುಡಿಸಿಕೊಳ್ಳುವವನಿಗೆ ಗೊತ್ತಾಗದ ಹೊರತು ಈ ದೇಶದ ಉದ್ಧಾರವಿಲ್ಲ ಎಂದು ದಾಮೋದರ ಗಂಭೀರವಾಗಿ ಹೇಳಿದ. ಒಬ್ಬಿಬ್ಬರು ತಲೆದೂಗಿದರು. ಹೆಂಡತಿಗೆ ಮಾತ್ರ ನಿಜ ಹೇಳಿದ್ದ. ನಿಜ ಎಂದು ಆಗ ಅವನು ತಿಳಿದದ್ದನ್ನು.

"ಅವ್ವ ಒಪ್ಪಾಂಗಿಲ್ಲ."

"ಕೇಳೀರೇನು?"

"ಕೇಳಲಿಕ್ಕೇ ಬೇಕೇನು? ಆಕಿನ್ನ ನಾ ಇಷ್ಟ ವರ್ಷದಿಂದ ನೋಡಿಲ್ಲೇನು?"

ದ್ವಾರಕಾ ಅಕ್ಕಿ ಆರಿಸುತ್ತಿದ್ದಳು. "ಅತ್ತಿಯವರು ಅಕ್ಕಲಕೋಟಿಗೆ ಹೊಂಟಾರಲ್ಲ, ವೇಣೂಬಾಯಿ ಮನಿಗೆ. ಆವಾಗ ಭೀಮಶಾನ್ನ ಕರಸ್ರಿ. ಅವರು ಬರೂದ್ರಾಗ ಮುಗದಿರತದ."

"ಅಂದ್ರ ಆಕಿನ್ನ ಫಸಾಯಿಸಬೇಕೇನು? ಹೆತ್ತ ತಾಯಿನ್ನ?"

ಆ ಮಾತು ಹೇಳುವಾಗ ಅವನು ತನ್ನ ಪ್ರಾಮಾಣಿಕತೆಗೆ ತಾನೇ ಮಾರುಹೋದ. ಮೋಸ ಮಾಡುವಷ್ಟು ಕೆಟ್ಟವನಲ್ಲ, ಕೇಳುವಷ್ಟು ಧೈರ್ಯವಿಲ್ಲ. ಇವೆರಡರ ನಡುವೆ ಉಳಿದ ಸಂದಿಯಲ್ಲಿ ಟೈಲ್ಸು ಕೂಡಿಸುವುದೊಂದೇ ದಾರಿ. ದ್ವಾರಕಾ ಒಂದು ಕಲ್ಲನ್ನು ಮೊರದಿಂದ ಆರಿಸಿ ಬದಿಗಿಟ್ಟು, "ನಿಮಗ ಹೆಂಗ ತಿಳೀತದೋ ಹಂಗ," ಎಂದಿದ್ದಳು.

ಹಾಗೆ ಅವ್ವ ಅಂಬಾಬಾಯಿ, ಅಲ್ಲಿಯ ಸ್ವಾಮಿಗಳ ದರ್ಶನವೂ ಆಯಿತು, ಮಗಳನ್ನು ನೋಡಿದ ಹಾಗೂ ಆಯಿತು ಎಂದು ಅಕ್ಕಲಕೋಟೆಗೆ ಹೋದಳು. ದಾಮೋದರ ರಜೆ ಹಾಕಿ ಕಟ್ಟೆ ಏರಿದ. ಟೈಲ್ಸು ಮಾರಿದ ಅಂಗಡಿಯವನು ಮರಾಠಿಯಲ್ಲಿ ಏನೇನೋ ಹೇಳಿದ್ದ: ಗೋಡೆಯನ್ನು ಮೊದಲು ಉಳಿಯಿಂದ ಕೆತ್ತಬೇಕು, ಟೈಲ್ಸನ್ನು ನೀರಿನಲ್ಲಿ ನೆನೆ ಹಾಕಬೇಕು. ದಾಮೋದರ ಪ್ರತಿ ಮಾತಿಗೂ 'ಗೊತ್ತು, ಗೊತ್ತು' ಎಂದು ತಲೆಯಾಡಿಸುತ್ತ, ತನ್ನಂಥ ಓದಿದವನು ಇಂಥದನ್ನು ಕೊಳ್ಳುವುದನ್ನು ಕಂಡು ಅಂಗಡಿಯವನಿಗೆ ಏನನ್ನಿಸಿರಬಹುದು ಎಂದು ಯೋಚಿಸುತ್ತಿದ್ದ. ಈಗ ಕಟ್ಟೆಯ ಮೇಲೆ ಮೊಣಕಾಲೂರಿದಾಗ ಅಂಗಡಿಯವನ ಮೀಸೆ ನೆನಪಿಗೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮೊದಲ ಸಾಲು ನೆಟ್ಟಗಿತ್ತು. ಎರಡನೆಯ ಸಾಲು ಮೊದಲನೆಯದನ್ನು ನೋಡಿ ಕಲಿಯಲಿಲ್ಲ. ಮೂರನೆಯದು ಕಿಟಕಿಯ ಕಡೆ ಇಳಿಯತೊಡಗಿ, ಮಧ್ಯಾಹ್ನದ ಹೊತ್ತಿಗೆ ಇಡೀ ಗೋಡೆ ಒಂದು ಬದಿಗೆ ತಲೆವಾಲಿಸಿ ಏನನ್ನೋ ಕೇಳಿಸಿಕೊಳ್ಳುವ ಹಾಗೆ ಕಂಡಿತು. ಆಗಲೇ ಹೊರಗೆ ಸೈಕಲ್ಲಿನ ಗಂಟೆ. "ಸಾಹೇಬ್ರ, ಅದೀರೇನ್ರಿ?"

ಭೀಮಶಾ. ಚೀಲದಲ್ಲಿ ಸಿಮೆಂಟು ಬಳಿಯುವ ತನ್ನ ಕರಣೆ ತಂದಿದ್ದ, ಸಾಹೇಬರ ಹತ್ತಿರ ಸಾಮಾನು ಇದೆಯೋ ಇಲ್ಲವೋ ಎಂದು. ದಾಮೋದರ ಓಡಿ ಹೋಗಿ ಅವನನ್ನು ಪಡಸಾಲೆಯಲ್ಲೇ ತಡೆದು, ಕುರ್ಚಿಯ ಮೇಲೆ ಕೂಡಿಸಿ, ತಾನು ಕುಡಿಯುವಂಥದೇ ಕಪ್ಪಿನಲ್ಲಿ ಚಹ ಕೊಡಿಸಿದ. ಆ ಕಪ್ಪು ಭೀಮಶಾನ ಕಣ್ಣಿಗೆ ಬೀಳಲಿ ಎಂದು ತನ್ನ ಕಪ್ಪನ್ನು ಅದರ ಪಕ್ಕಕ್ಕೇ ಇಟ್ಟ. ಭೀಮಶಾ ಚಹ ಮುಗಿಸಿ ಎದ್ದು, "ಒಂದ ನದರ ಹಾಕಲೇನ್ರಿ? ಎಲ್ಲಿತನಾ ಬಂದೈತಿ?" ಎಂದು ಅಡುಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟ. ದಾಮೋದರನ ಮೈ ತಾನಾಗಿ ಬಾಗಿಲಿಗೆ ಅಡ್ಡ ಬಂತು. ಬಹಳ ಅಡ್ಡ ಬಂತು. ಎರಡೂ ಕೈ ಚೌಕಟ್ಟು ಹಿಡಿದಿದ್ದವು. "ಮುಗದ ಮ್ಯಾಲ ನೋಡೂಣ್ರಿ. ಅರ್ಧಾ ಕೆಲಸ ಯಾರಿಗೂ ತೋರಸಬಾರದಂತ," ಎಂದು ನಕ್ಕ. "ಖರೇ ಐತ್ರಿ," ಎಂದು ಭೀಮಶಾ ಕರಣೆಯನ್ನು ಮೇಜಿನ ಮೇಲಿಟ್ಟು ಹೋದ. ಸ್ಟೋವಿನ ಮುಂದೆ ಕೂತ ದ್ವಾರಕಾ ಇಬ್ಬರ ಕಪ್ಪುಗಳನ್ನೂ ಒಂದೇ ಬೆರಳಿಗೆ ಸಿಕ್ಕಿಸಿಕೊಂಡು ಬಚ್ಚಲಿಗೆ ಒಯ್ದಳು. ಅವಳು ನಗುತ್ತಿದ್ದಳೋ ಇಲ್ಲವೋ ಬೆನ್ನಿನಿಂದ ತಿಳಿಯಲಿಲ್ಲ.

ಮರುದಿನ ಅವ್ವನನ್ನು ಕರೆತರಲು ಅಕ್ಕಲಕೋಟೆಯ ಬಸ್ಸು ಹತ್ತಿದ. ಗೋಡೆ ಮುಗಿದಿತ್ತು. ವಾಲಿದ್ದರೂ ಬಿಳಿ ಇತ್ತು, ಹೊಳೆಯುತ್ತಿತ್ತು. ಕಿಟಕಿಯ ಹೊರಗೆ ಜೋಳದ ಕೂಳೆಯ ಹೊಲಗಳು ಓಡುತ್ತಿದ್ದಾಗ ಅವನು ಅವ್ವನಿಗೆ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದ: ಯಾರನ್ನೂ ಒಳಗೆ ಬಿಟ್ಟಿಲ್ಲ ಅವ್ವಾ, ನನ್ನ ಕೈಯಿಂದಲೇ ಮಾಡೀನಿ, ಸ್ನಾನಾ ಮಾಡೇ ಕೈ ಹಚ್ಚೀನಿ. ಆಕೆಯ ಕಣ್ಣಿನಲ್ಲಿ ನೀರು ಬರಬಹುದು. ಬಂದರೆ, ಇಂಥ ಮಡಿಯಿಂದ ಯಾರಿಗೆ ಎಷ್ಟು ನೋವಾಗುತ್ತದೆ ಗೊತ್ತೇನವ್ವಾ ಎಂದು ಮೆಲ್ಲಗೆ ತಿಳಿಸಿ ಹೇಳುವುದು. ಸಾತ್ವಿಕ ಮಗ, ಸುಧಾರಕ ಮಗ, ಇಬ್ಬರೂ ಒಂದೇ ಬಸ್ಸಿನಲ್ಲಿ. ಕಂಡಕ್ಟರು "ಪುಢೇ ಸರಕಾ, ಪುಢೇ" ಎಂದು ಅವನ ಭುಜಕ್ಕೆ ತಿವಿದು ಹೋದ.

ವೇಣೂಬಾಯಿಯ ಮನೆಯ ಬಾಗಿಲು ತೆರೆದಿತ್ತು. ಹೊರಗಿನ ಖೋಲಿಯಲ್ಲಿ ಮಣೆಯ ಮೇಲೆ ದೇವರ ಪೆಟ್ಟಿಗೆ, ಅದರ ಮೇಲೊಂದು ಒಗೆದ ಪಂಚೆ. ಒಳಗಿನಿಂದ ಅವ್ವನ ದನಿ. "ಅಲ್ಲೋ ಧೂಳಪ್ಪಾ, ನೀರು ಈ ಕಡೆ ಹರದ್ರ ನನ್ನ ಮಗಳು ದಿನಾ ಬಳೀಬೇಕೇನು? ಇಳಿಜಾರು ಆ ಮೂಲಿಗೆ ಕೊಡು." ದಾಮೋದರ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಪಾತ್ರೆ ತೊಳೆಯುವ ಮೂಲೆಯ ಮೋರಿಯನ್ನು ಅಗೆದು ಹಾಕಿದ್ದರು. ಗೌಂಡಿಯೊಬ್ಬ ಕುಕ್ಕರಗಾಲಿನಲ್ಲಿ ಕೂತು ಸಿಮೆಂಟು ಬಳಿಯುತ್ತಿದ್ದ. ಅವನಿಂದ ಮಾರು ದೂರದಲ್ಲಿ, ಒಲೆಯ ಪಕ್ಕದಲ್ಲಿ, ಕಾಲು ಚಾಚಿ ಕೂತು ಅವ್ವ ಅಡಿಕೆ ಕತ್ತರಿಸುತ್ತಿದ್ದಳು.

"ದಾಮೂ, ಬಂದ್ಯಾ? ಅಲ್ಲೇ ನಿಲ್ಲು, ಹಸಿ ಅದ."

"ಅವ್ವಾ," ಎಂದ. "ಅಡಗೀಮನ್ಯಾಗ..."

"ಮೋರಿ ಒಡದಿತ್ತು. ಅಡಗೀಮನ್ಯಾಗಿನ ಮೋರಿ ಪಡಸಾಲ್ಯಾಗ ಕೂತು ಕಟ್ಟಲಿಕ್ಕೆ ಬರತದೇನು?"

ಧೂಳಪ್ಪ ನಕ್ಕ. ಅಕ್ಕ ವೇಣೂಬಾಯಿಯೂ ನಕ್ಕಳು. ದಾಮೋದರ ನಗುವುದಕ್ಕೆ ಪ್ರಯತ್ನಿಸಿದ. ಆಮೇಲೆ ಹಿತ್ತಲಲ್ಲಿ ಅವ್ವ ಒಬ್ಬಳೇ ಸಿಕ್ಕಾಗ, ಆದಷ್ಟು ಸಹಜವಾಗಿ ಕೇಳಿದ, "ನಿನ್ನ ಮಡಿಗೆ ಅಡ್ಡಿ ಆಗೂದಿಲ್ಲೇನು?"

"ದೇವರನ್ನ ಹೊರಗ ಇಟ್ಟೀವಿ. ಕೆಲಸ ಮುಗದ ಮ್ಯಾಲ ಸಾರಿಸಿ ತೊಳಕೋತೀವಿ. ನಿಮ್ಮ ಅಪ್ಪ ಇದ್ದಾಗೂ ಹಂಗ ಮಾಡತಿದ್ವಿ. ಯಾಕ?"

"ನಮ್ಮನಿಗೆ ಭೀಮಶಾ ಬಂದ್ರ ನೀ ಬ್ಯಾಡ ಅಂತೀ ಅಂತ..."

ಅವ್ವ ಅವನನ್ನು ನೋಡಿದಳು. ಸಿಟ್ಟಿನಿಂದಲ್ಲ. ಕಿವಿ ಸರಿಯಾಗಿ ಕೇಳದವರು ನೋಡುವ ಹಾಗೆ. "ನಾ ಎಂದರ ಬ್ಯಾಡ ಅಂದೀನೇನೋ?"

ಹಿಂದಿರುಗುವ ಬಸ್ಸಿನಲ್ಲಿ ಅವ್ವ ಅವನ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋದಳು. ದಾಮೋದರ ಹುಡುಕಿದ. ಎಂದಾದರೂ ಅಂದಿರಲೇಬೇಕು. ಆಕೆಯ ಬೈಗುಳಗಳೆಲ್ಲ ನೆನಪಾದವು, ಹಾಲು ಉಕ್ಕಿಸಿದ್ದಕ್ಕೆ, ಪರೀಕ್ಷೆಯಲ್ಲಿ ನಪಾಸಾದದ್ದಕ್ಕೆ, ಹೆಂಡತಿಯನ್ನು ಸಿನೆಮಾಕ್ಕೆ ಕರೆದೊಯ್ಯದಿದ್ದದ್ದಕ್ಕೆ. ಈ ಒಂದು ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಇದ್ದದ್ದು ನವಿ ಪೇಠೆಯ ಕೂಟದಲ್ಲಿ. ಅಲ್ಲಿ ಅವನು ವರ್ಷಗಳಿಂದ 'ನಮ್ಮ ಅವ್ವ ಅಂದ್ರ' ಎಂದು ಶುರುಮಾಡಿ, ಸೆರಗು ಸುತ್ತಿಕೊಂಡು ದೂರ ಸರಿಯುವ ಒಬ್ಬ ಮುದುಕಿಯ ನಕಲು ಮಾಡಿ ತೋರಿಸುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಆ ಮುದುಕಿಗೆ ಇವನೇ ಸೀರೆ ಉಡಿಸಿದ್ದ, ಇವನೇ ಮಾತು ಕೊಟ್ಟಿದ್ದ. ಆಕೆಯ ದೆಸೆಯಿಂದ ಅವನು ಆಧುನಿಕನಾಗಿದ್ದ. ಈಗ ಭುಜದ ಮೇಲಿನ ತಲೆ ಬಸ್ಸಿನ ಕುಲುಕಿಗೆ ಜಾರಿದಾಗ ಅವನು ಅಂಗೈಯಿಂದ ಅದನ್ನು ಎತ್ತಿ ಸರಿಮಾಡಿದ. ಹಾಗಾದರೆ ಬಾಗಿಲಿಗೆ ಅಡ್ಡ ನಿಂತದ್ದು ಯಾರು? ಓರೆಯಾದ ಗೋಡೆಯನ್ನು ಮುಚ್ಚಿಡಲಿಕ್ಕೆ ನಿಂತೆ ಎಂದು ತನಗೆ ತಾನು ಹೇಳಿಕೊಂಡ. ಅದು ಅಷ್ಟೇನೂ ಸುಳ್ಳಲ್ಲ ಎಂದೂ ಹೇಳಿಕೊಂಡ. ಸೊಲ್ಲಾಪುರದ ಗಿರಣಿಗಳ ಚಿಮಣಿ ಕಾಣುವವರೆಗೆ ಹೇಳಿಕೊಳ್ಳುತ್ತಲೇ ಇದ್ದ.

ಮನೆಗೆ ಬಂದಾಗ ದ್ವಾರಕಾ ಪೊರಕೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಾ ಏನೂ ಮಾಡಿಲ್ರಿ," ಎಂದಳು ಮೊದಲೇ. "ಕುಕ್ಕರ ಸೀಟಿ ಹೊಡೀತು, ಅಷ್ಟ." ಮೇಲಿನ ಎರಡು ಸಾಲು ಪೂರ್ತಿ ಕಟ್ಟೆಯ ಮೇಲೆ ಉದುರಿದ್ದವು. ಕೆಲವು ಟೈಲ್ಸುಗಳ ಬೆನ್ನು ಒಂದಿಷ್ಟೂ ಸಿಮೆಂಟು ಹತ್ತದೆ ಅಂಗಡಿಯಿಂದ ತಂದಂತೆಯೇ ಸ್ವಚ್ಛವಾಗಿತ್ತು. ಅವ್ವ ಕನ್ನಡಕ ಹಾಕಿಕೊಂಡು ಉಳಿದ ಗೋಡೆಯನ್ನು ಎಡಗಡೆಯಿಂದ ನೋಡಿದಳು, ಬಲಗಡೆಯಿಂದ ನೋಡಿದಳು, ಗೋಡೆ ವಾಲಿದ ಕಡೆಗೆ ತನಗರಿವಿಲ್ಲದೆ ತುಸು ಕತ್ತು ವಾಲಿಸಿದಳು.

"ಛಂದ ಅದ," ಎಂದಳು. "ಬಣ್ಣ ಛಂದ ಅದ."

ದ್ವಾರಕಾಳಿಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು. ಅವ್ವನೂ ನಕ್ಕಳು. ಅವರಿಬ್ಬರ ನಗು ಪಡಸಾಲೆಯಲ್ಲಿ ಕೂಡಿ, ನಿಂತು, ಮತ್ತೆ ಶುರುವಾದದ್ದನ್ನು ಕೇಳುತ್ತ ದಾಮೋದರ ತನ್ನ ಟೈಲ್ಸುಗಳನ್ನು ಒಂದರ ಮೇಲೊಂದು ಜೋಡಿಸಿದ. ಜೋಡಿಸುವುದು ಮಾತ್ರ ಬಹಳ ಒಪ್ಪವಾಗಿ ಬಂತು.

"ನಾಳೆ ಭೀಮಶಾನ್ನ ಕರಿ," ಎಂದಳು ಅವ್ವ.

ಭೀಮಶಾ ಬಂದ. ಅವ್ವ ಬೆಳಿಗ್ಗೆಯೇ ದ್ವಾರಕಾಳ ಜೊತೆಗೂಡಿ ಗೂಡಿನ ದೇವರ ಪೆಟ್ಟಿಗೆಯನ್ನು ಪಡಸಾಲೆಗೆ ತಂದಿಟ್ಟು, ಅದರ ಮುಂದೆ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ದಾಮೋದರ ಅವನನ್ನು ಒಳಗೆ ಕರೆದೊಯ್ದ. ಗೋಡೆಯನ್ನು ಕಂಡು ಭೀಮಶಾ ನಗಲಿಲ್ಲ. ಅಪಘಾತದಲ್ಲಿ ಪೆಟ್ಟಾದವರನ್ನು ನೋಡುವ ಹಾಗೆ ನೋಡಿದ. "ಅಲ್ರಿ ಸಾಹೇಬ್ರ," ಎಂದ ಮೆಲ್ಲಗೆ, "ಆವತ್ತ ನಾ ಬಂದಿದ್ನೆಲ್ರಿ ಮನೀತನಾ. ಒಂದ ಮಾತ ಅಂದಿದ್ರ ಕೈ ಹಚ್ಚತಿದ್ದೆ. ಯಾಕ ಅನಲಿಲ್ರಿ?"

ದೂರು ಇರಲಿಲ್ಲ ಅದರಲ್ಲಿ. ತಿಳಿದುಕೊಳ್ಳಬೇಕು ಎಂಬಷ್ಟೇ ಇತ್ತು. ದಾಮೋದರ ಬಾಯಿ ತೆರೆದ. ಬಸ್ಸಿನಲ್ಲಿ ಇಷ್ಟೆಲ್ಲ ಯೋಚಿಸಿದವನ ಬಾಯಿಂದ ಬಂದದ್ದು ಇದು: "ಅವ್ವಗ ಸೇರೂದಿಲ್ರಿ. ಮಡಿ ಅಂತಾಳ. ಹಳೇ ಮಂದಿ, ನಿಮಗ ಗೊತ್ತಲ್ಲ."

ಸಣ್ಣ ದನಿಯಲ್ಲಿಯೇ ಹೇಳಿದ್ದ. ಆದರೆ ಬೋಳು ಗೋಡೆಯ ಕೋಣೆ ಮಾತನ್ನು ಎತ್ತಿ ಪಡಸಾಲೆಗೆ ಒಯ್ದಿತು. ಅಲ್ಲಿ ಬತ್ತಿ ಹೊಸೆಯುತ್ತಿದ್ದ ಬಳೆಯಿಲ್ಲದ ಕೈ ನಿಂತದ್ದು ಅವನಿಗೆ ಬಾಗಿಲಿನಿಂದ ಕಂಡಿತು. ಈಗ ಆಕೆ ಕೇಳುತ್ತಾಳೆ, ನಾ ಎಂದರ ಬ್ಯಾಡ ಅಂದೀನೇನೋ ಎಂದು, ಭೀಮಶಾನ ಎದುರಿಗೇ. ಕೇಳಲಿ ಎಂದೂ ಅನ್ನಿಸಿತು. ಕೇಳಿಬಿಟ್ಟರೆ ಮುಗಿಯುತ್ತದೆ.

ಅವ್ವ ಮೊಣಕಾಲ ಮೇಲೆ ಕೈಯೂರಿ ಎದ್ದು ಬಾಗಿಲಿಗೆ ಬಂದಳು. ಮಗನನ್ನು ನೋಡಲಿಲ್ಲ. "ಹೌದಪ್ಪಾ ಭೀಮಶಾ," ಎಂದಳು. "ನಾನ ಬ್ಯಾಡ ಅಂದಿದ್ದೆ. ಮುದಕಿ ಬುದ್ಧಿ. ಮನಸಿಗೆ ಹಚಗೋಬ್ಯಾಡ."

"ಎಂಥಾ ಮಾತ್ರಿ ಆಯೀ," ಭೀಮಶಾ ತಲೆಯ ಮೇಲಿನ ಟಾವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದ. "ನೀವು ಹಿರ್ಯಾರು. ಇಷ್ಟ ಅಂದ್ರಿ, ಸಾಕಾತು."

ಚಹ ತಂದ ದ್ವಾರಕಾ ಬಾಗಿಲ ಬಳಿ ನಿಂತಿದ್ದಳು. ಅತ್ತೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಈ ಸಲ ಅವಳ ಮುಖದಲ್ಲಿ ನಗು ಇರಲಿಲ್ಲ ಎಂಬುದು ಬೆನ್ನಿನಿಂದಲ್ಲ, ಎದುರಿನಿಂದಲೇ ಕಾಣುತ್ತಿತ್ತು. ದಾಮೋದರ ಇಲ್ಲ ಎನ್ನಬೇಕು ಎಂದುಕೊಂಡ. ಭೀಮಶಾ ಉಳಿಯಿಂದ ಹಳೆಯ ಸಿಮೆಂಟು ಕೆತ್ತತೊಡಗಿದ. ಈ ಸದ್ದು ನಿಂತ ಮೇಲೆ ಹೇಳುತ್ತೇನೆ ಎಂದುಕೊಂಡ. ಸದ್ದು ನಿಂತಾಗ ಭೀಮಶಾ ನೀರು ಕೇಳಿದ. ತಂದುಕೊಟ್ಟ. ಟೈಲ್ಸು ನೆನೆಹಾಕಿದ, ಎತ್ತಿಕೊಟ್ಟ, ಸಿಮೆಂಟು ಕಲಸಿದ. ಯಾರೂ ಕೇಳದಿದ್ದರೂ ದಿನವಿಡೀ ಕೂಲಿಯಾಳಿನ ಹಾಗೆ ದುಡಿದ. ಹಾಗೆ ದುಡಿದರೆ ಹೇಳುವುದು ತಪ್ಪಬಹುದೇನೋ ಎಂದು ಒಳಗೊಳಗೆ ಲೆಕ್ಕ ಹಾಕುತ್ತಿದ್ದೇನೆಂಬುದು ಗೊತ್ತಾಗಿ, ಇನ್ನೂ ಜೋರಾಗಿ ದುಡಿದ. ಭೀಮಶಾನಿಗೆ ಮಾತ್ರ ಅದನ್ನು ಕಂಡು ಕಣ್ಣು ತುಂಬಿ ಬರುತ್ತಿತ್ತು.

ಸಂಜೆ ಗೇಟಿನ ಹತ್ತಿರ, ಭೀಮಶಾ ಸೈಕಲ್ಲು ಹತ್ತಬೇಕು ಎನ್ನುವಾಗ, ಕಡೆಗೂ ಹೇಳಿದ. ಒಂದೇ ಉಸಿರಿಗೆ. "ಭೀಮಶಾ, ಅವ್ವ ಏನೂ ಅಂದಿದ್ದಿಲ್ರಿ. ಆಕಿ ಬ್ಯಾಡ ಅಂದಿದ್ದಿಲ್ಲ. ನಾನ ಕರೀಲಿಲ್ಲ."

ಭೀಮಶಾ ಸೈಕಲ್ಲನ್ನು ಗೇಟಿಗೆ ಒರಗಿಸಿ ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಆ ಅಂಗೈಗಳು ಒರಟಾಗಿ, ಬೆಚ್ಚಗಿದ್ದವು. "ಬಿಡ್ರಿ ಸಾಹೇಬ್ರ. ನನಗ ತಿಳೀತೈತಿ. ಹಡದಾಕಿ ಮ್ಯಾಗ ಮಾತ ಬರಬಾರದಂತ ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತೀರಿ. ನಿಮ್ಮಂಥಾ ಮನಸು ಯಾರಿಗೈತ್ರಿ?"

"ಇಲ್ರಿ, ಖರೇನ..."

"ಸಾಕ್ರಿ. ಇನ್ನೊಮ್ಮಿ ಅನಬ್ಯಾಡ್ರಿ."

ಭೀಮಶಾ ಸೈಕಲ್ಲು ಹತ್ತಿ ಹೋದ. ತಿರುವಿನಲ್ಲಿ ಹಿಂದೆ ನೋಡಿ ಕೈ ಎತ್ತಿದ. ದಾಮೋದರನೂ ಎತ್ತಿದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಗೇಟಿನ ಮೇಲಿಟ್ಟ. ತಾಯಿಯ ಹೆಸರು ಹೇಳಿ ಸುಳ್ಳು ಹೇಳಿದಾಗಲೂ ಒಳ್ಳೆಯವನಾದೆ, ನಿಜ ಹೇಳಿದಾಗ ಇನ್ನೂ ಒಳ್ಳೆಯವನಾದೆ. ಕೆಟ್ಟವನು ಎನ್ನಿಸಿಕೊಳ್ಳುವ ಯೋಗ್ಯತೆಯೂ ತನಗಿಲ್ಲವೇ ಎಂದು ಕೇಳಿಕೊಂಡ. ಆ ಪ್ರಶ್ನೆಯೂ ಶನಿವಾರದ ಕೂಟಕ್ಕೆ ತಕ್ಕ ಹಾಗೆ ಒಪ್ಪವಾಗಿ ಜೋಡಿಸಿಕೊಂಡು ಬಂದದ್ದು ಗೊತ್ತಾಗಿ ಅಲ್ಲಿ ನಿಲ್ಲಲಾಗದೆ ಒಳಗೆ ಹೋದ.

ದ್ವಾರಕಾ ನೆಲ ಸಾರಿಸಿ ಮುಗಿಸಿದ್ದಳು. ಗೋಡೆ ನೆಟ್ಟಗೆ, ಬೆಳ್ಳಗೆ ನಿಂತಿತ್ತು. ಅವ್ವ ಪಡಸಾಲೆಯಲ್ಲಿ ದೇವರ ಪೆಟ್ಟಿಗೆಯ ಮುಂದೆ ಕೂತಿದ್ದಳು. ಬೆಳಗಿನ ಮಾತಿನ ಗುರುತೂ ಆಕೆಯ ಮುಖದಲ್ಲಿರಲಿಲ್ಲ.

"ಹೋದನೇನೋ ಭೀಮಶಾ? ಕೈಕಾಲು ತೊಳಕೊಂಡು ಬಾ ದಾಮೂ. ಪೆಟಗಿ ಜಡ ಅದ, ಇಬ್ಬರೂ ಕೂಡಿ ಒಳಗ ಇಡೂಣು."

"ಬಂದೆ," ಎಂದು ಅವನು ಬಚ್ಚಲಿಗೆ ಹೋದ. ಬಾಗಿಲು ಹಾಕಿಕೊಂಡ. ಅಂಗಿ ಕಳಚಿ ಗೂಟಕ್ಕೆ ಹಾಕಿ, ಹಂಡೆಯಿಂದ ತಂಬಿಗೆಯಲ್ಲಿ ನೀರು ಮೊಗೆದು ತಲೆಯ ಮೇಲೆ ಸುರಿದುಕೊಂಡ. ತಣ್ಣೀರಿಗೆ ಮೈ ಝುಮ್ಮೆಂದಿತು. ಇನ್ನೊಂದು ತಂಬಿಗೆ ಮೊಗೆದು ಎತ್ತಿದಾಗ, ಭೀಮಶಾ ಹಿಡಿದಿದ್ದ ಆ ಕೈ ಅಲ್ಲೇ ನಿಂತಿತು. ಅವ್ವ ಹೇಳಿದ್ದು ಕೈಕಾಲು ತೊಳೆದುಕೊಂಡು ಬಾ ಎಂದು ಮಾತ್ರ.